ಬಸಪ್ಪನ ಮುಂದೆ ನಡೆಯುವವನು

ಅತ್ತಿಮರದೊಡ್ಡಿಯ ಬೋರೇದೇವರ ಗುಡಿಗೆ ಒಬ್ಬ ಬಸಪ್ಪನಿದ್ದಾನೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯವರಿಗೆ ಬೇಕಾದವನು. ಹೊಸ ಮನೆ ಕಟ್ಟಿದವರು, ಮಕ್ಕಳಾಗದವರು, ಬೋರ್‌ವೆಲ್ ಕೊರೆಸುವವರು, ಎಲೆಕ್ಷನ್ನಿಗೆ ನಿಲ್ಲುವವರು, ಎಲ್ಲರೂ ಅವನನ್ನು ಕರೆಸುತ್ತಾರೆ. ಬಸಪ್ಪ ಬಂದು, ಮೂಸಿ ನೋಡಿ, ಮನಸ್ಸು ಬಂದರೆ ಬಲಗಾಲೆತ್ತಿ ಭಕ್ತರ ಮೈಮೇಲೆ ಹಗುರವಾಗಿ ಇಡುತ್ತಾನೆ. ಅದಕ್ಕೆ ಪಾದ ಕೊಡುವುದು ಎನ್ನುತ್ತಾರೆ. ಪಾದ ಸಿಕ್ಕಿತೆಂದರೆ ಅಂದುಕೊಂಡ ಕೆಲಸ ಆದಂತೆಯೇ. ಹೊರಗಿನವರ ಕಣ್ಣಿಗೆ ಅದು ಬೆಳ್ಳಗಿನ, ಎತ್ತರದ ಹಿಣಿಲಿನ ಒಂದು ಹೋರಿ. ಊರವರ ಎದುರಿಗೆ ಹಾಗೆಂದವನು ಬಸ್ಸು ಹತ್ತಿ ಸುಖವಾಗಿ ಮನೆ ಸೇರುವುದು ಕಷ್ಟ.

ಬಸಪ್ಪನಿಗೆ ಮೂಗುದಾರ ಹಾಕುವುದಿಲ್ಲ, ಹಗ್ಗ ಕಟ್ಟುವುದಿಲ್ಲ. ಅವನು ನಡೆದದ್ದೇ ದಾರಿ. ಆದರೂ ಅವನ ಮುಂದೆ ಒಬ್ಬ ನಡೆಯಬೇಕು. ಹೆಗಲಿಗೆ ಕೆಂಪು ವಸ್ತ್ರ ಹಾಕಿಕೊಂಡು, ಕೈಯಲ್ಲಿ ಬೆತ್ತ ಹಿಡಿದು, ನುಗ್ಗುವ ಜನರನ್ನು ಪಕ್ಕಕ್ಕೆ ಸರಿಸುತ್ತ ಹೋಗುವ ಆ ಕೆಲಸಕ್ಕೆ ಸಂಬಳ ಗಿಂಬಳ ಏನೂ ಇಲ್ಲ. ಬೆಳಗಿನ ಜಾವ ಎದ್ದು ಸಗಣಿ ಬಾಚಬೇಕು, ಮೈ ತೊಳೆಯಬೇಕು, ಹುರುಳಿ ಬೇಯಿಸಬೇಕು, ಕೊಂಬಿಗೆ ಎಣ್ಣೆ ಹಚ್ಚಬೇಕು. ಆದರೆ ಹೋದ ಹೋದ ಊರಲ್ಲಿ ಕಾಲಿಗೆ ನೀರು ಕೊಟ್ಟು ಒಳಗೆ ಕರೆಯುತ್ತಾರೆ. ಒಂಬತ್ತು ವರ್ಷದಿಂದ ಆ ಕೆಲಸ ಚಲುವರಾಜುವಿನದು. ಅದರಲ್ಲಿ ಸಿಗುವಷ್ಟು ಖುಷಿ ಅವನಿಗೆ ಬೇರೆ ಯಾವುದರಲ್ಲೂ ಇರಲಿಲ್ಲ.

ಬೇರೆ ಯಾವುದರಲ್ಲೂ ಎಂದರೆ ಸುಳ್ಳಾಗುತ್ತದೆ. ಪ್ರೀತಂ ಇದ್ದ.

ಪ್ರೀತಂ ಕಿರುಗಾವಲಿನವನು, ಪಶು ಆಸ್ಪತ್ರೆಯಲ್ಲಿ ಕೆಲಸ. ಓದಿದ ಡಾಕ್ಟರಲ್ಲ, ಆದರೆ ಹಸುವಿಗೆ ಸೂಜಿ ಚುಚ್ಚುವವನನ್ನು ಹಳ್ಳಿಯಲ್ಲಿ ಡಾಕ್ಟ್ರೇ ಎನ್ನದೆ ಇನ್ನೇನೆನ್ನಬೇಕು? ಐದು ವರ್ಷದ ಹಿಂದೆ ಬಸಪ್ಪನ ಗೊರಸಿಗೆ ಮೊಳೆ ಹೊಕ್ಕು ಕೀವಾದಾಗ ಬಂದವನು ಹನ್ನೊಂದು ದಿನ ಬಿಡದೆ ಬಂದ. ಗೊರಸು ಆರನೆಯ ದಿನಕ್ಕೇ ವಾಸಿಯಾಗಿತ್ತು. ಉಳಿದ ಐದು ದಿನ ಯಾಕೆ ಬಂದೆ ಎಂದು ಚಲುವರಾಜು ಕೇಳಲಿಲ್ಲ, ಸಾಕು ಹೋಗು ಎಂದೂ ಹೇಳಲಿಲ್ಲ. ವರ್ಷ ಕಳೆಯುವುದರೊಳಗೆ ಬ್ಯಾಗು, ಹೆಲ್ಮೆಟ್ಟು, ಒಂದು ಪ್ರೆಷರ್ ಕುಕ್ಕರು ಸಮೇತ ಬಂದು ಚಲುವರಾಜುವಿನ ಮನೆಯಲ್ಲೇ ಉಳಿದ. 'ಡಾಕ್ಟ್ರು ಬಾಡಿಗೆಗವ್ರೆ' ಎಂದಿತು ಊರು. ಊರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವರಂತೆ ಇರುವುದರಲ್ಲಿ ನಮ್ಮ ಹಳ್ಳಿಯವರನ್ನು ಮೀರಿಸಿದವರಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನಾಲ್ಕು ವರ್ಷ ನಡೆದುಹೋಯಿತು. ಪಕ್ಕದ ಮನೆಯ ಸೋದರತ್ತೆ ಚಿಕ್ಕಬೋರಮ್ಮ ಮೊದಮೊದಲು 'ಮದ್ವೆ ಯಾವಾಗ್ಲಾ?' ಎಂದು ಚಲುವರಾಜುವನ್ನು ಕೊರೆಯುತ್ತಿದ್ದವಳು, ಆಮೇಲೆ ಕೇಳುವುದನ್ನು ಬಿಟ್ಟು ಬಸ್ಸಾರು ಮಾಡಿದ ದಿನ ದೊಡ್ಡ ಪಾತ್ರೆಯಲ್ಲೇ ಕಳಿಸತೊಡಗಿದಳು.

ಚಲುವರಾಜು, ಪ್ರೀತಂ ಇಬ್ಬರ ನಡುವೆ ಇದ್ದ ಜಗಳವೆಂದರೆ ಒಂದೇ.

"ಹೋರಿ ಕಣಯ್ಯ ಅದು," ಎನ್ನುತ್ತಿದ್ದ ಪ್ರೀತಂ.

"ಓರೀನೂ ಹೌದು, ದೇವ್ರೂ ಹೌದು. ಎಲ್ಡೂ ಆಗಬಾರ್ದು ಅಂತ ಯಾರ್ ಏಳವ್ರೆ ನಿಂಗೆ?"

"ಮತ್ತೆ ದೇವರಿಗೆ ಜಂತುಹುಳದ ಔಷಧಿ ಯಾಕೆ ಹಾಕಿಸ್ತೀಯ ನನ್ ಕೈಲಿ?"

ಇದಕ್ಕೆ ಚಲುವರಾಜು ನಗುತ್ತಿದ್ದ, ಅಷ್ಟೆ. ಬೆಳಗ್ಗೆ ಅವನು ಬಸಪ್ಪನ ಹಣೆಗೆ ವಿಭೂತಿ ಹಚ್ಚುವಾಗ ಪ್ರೀತಂ ಅದೇ ಬಸಪ್ಪನ ಕಿವಿಯೊಳಗೆ ಟಾರ್ಚು ಬಿಟ್ಟು ಉಣ್ಣೆಹುಳ ಹುಡುಕುತ್ತಿದ್ದ. ಬಸಪ್ಪ ಇಬ್ಬರ ಸೇವೆಯನ್ನೂ ಒಂದೇ ಗಾಂಭೀರ್ಯದಿಂದ ಒಪ್ಪಿಸಿಕೊಳ್ಳುತ್ತಿದ್ದ.

ದೀಪ ಅಡ್ಡಗೋಡೆಯಿಂದ ಕೆಳಗೆ ಬಿದ್ದದ್ದು ಮನೆ ಮನೆ ಸಮೀಕ್ಷೆಯ ಕಾಲದಲ್ಲಿ. ಲೆಕ್ಕ ಬರೆಯಲು ಬಂದವಳು ದೀಪಿಕ ಟೀಚರು. ಪಾಪ, ಒಳ್ಳೆಯ ಹುಡುಗಿ, ಬಿಸಿಲಲ್ಲಿ ಸುತ್ತಿ ಸುತ್ತಿ ಮುಖ ಕೆಂಪಾಗಿತ್ತು. ಮೊಬೈಲಿನಲ್ಲಿ ಒಂದೊಂದೇ ಪ್ರಶ್ನೆ ಒತ್ತುತ್ತ, ಒಳಗೆ ಕೂತು ಕೊಟ್ಟಿಗೆಯ ಔಷಧಿ ಅಳೆಯುತ್ತಿದ್ದ ಪ್ರೀತಂನನ್ನು ನೋಡಿ, "ಇವರು ನಿಮಗೇನಾಗಬೇಕು?" ಎಂದಳು.

ಬಾಡಿಗೆಯವರು ಎಂದಿದ್ದರೆ ಮುಗಿಯುತ್ತಿತ್ತು. ನಾಲಗೆಯ ತುದಿಗೂ ಅದೇ ಬಂದಿತ್ತು. ಆದರೆ ಚಲುವರಾಜು ಆಗತಾನೇ ಬಸಪ್ಪನಿಗೆ ಮಂಗಳಾರತಿ ಎತ್ತಿ ಬಂದಿದ್ದ, ಕೈಯಲ್ಲಿ ಇನ್ನೂ ಕರ್ಪೂರದ ವಾಸನೆಯಿತ್ತು. ಆ ಕೈಯಲ್ಲಿ ಸುಳ್ಳು ಬರೆಸಲು ಅವನಿಗೆ ಮನಸ್ಸು ಬರಲಿಲ್ಲ. "ನನ್ ಜೊತೆಗಾರ ಕಣಮ್ಮ. ಗಂಡ ಎಂಡ್ತಿ ಇದ್ದಂಗೆ ಇದ್ದೀವಿ," ಎಂದ. ಒಳಗಿನಿಂದ ಔಷಧಿಯ ಮುಚ್ಚಳ ಕೆಳಗೆ ಬಿದ್ದ ಸದ್ದಾಯಿತು.

ಟೀಚರು ಮೊಬೈಲಿನ ಪರದೆಯನ್ನು ಮೇಲೆ ಕೆಳಗೆ ಉಜ್ಜಿ ನೋಡಿ, "ತಾಳಿ ಅಣ್ಣ, ಇದಕ್ಕೆ ಏನ್ ಹಾಕ್ಬೇಕು ಅಂತ ಮೇಲಿನವ್ರನ್ನ ಕೇಳ್ತೀನಿ," ಎಂದಳು. ಚಲುವರಾಜುವಿನ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಅತ್ತಿಮರದೊಡ್ಡಿಯಲ್ಲಿ ಸಿಗ್ನಲ್ ಸಿಗುವ ಜಾಗ ಒಂದೇ, ಗುಡಿಯ ಜಗಲಿ. ಅವಳು ಹೋಗಿ ಜಗಲಿ ಹತ್ತಿದಳು. ಕಟ್ಟೆಯ ಮೇಲೆ ಎಂಟು ಜನ ಚೌಕಾಬಾರ ಆಡುತ್ತಿದ್ದರು, ನಲ್ಲಿಯ ಮುಂದೆ ಹತ್ತು ಬಿಂದಿಗೆಗಳಿದ್ದವು.

"ಸಾರ್, ಮನೇಲಿ ಇಬ್ರೇ ಸಾರ್. ಇಬ್ರೂ ಗಂಡಸ್ರು. ಇಲ್ಲ ಸಾರ್, ಅಣ್ಣ ತಮ್ಮ ಅಲ್ಲ. ಬಾಡಿಗೇನೂ ಅಲ್ವಂತೆ. ಗಂಡ ಹೆಂಡ್ತಿ ಇದ್ದಂಗೆ ಅಂತಿದ್ದಾರೆ. ಹಲೋ? ಕೇಳಿಸ್ತಾ ಇದೆಯಾ ಸಾರ್? ಗಂಡ! ಹೆಂಡ್ತಿ! ಇದ್ದಂಗೆ!"

ಮೇಲಿನವರಿಗೆ ಕೇಳಿಸಿತೋ ಇಲ್ಲವೋ, ಊರಿಗೆ ಕೇಳಿಸಿತು. ಊರಿಗೆ ನಾಲ್ಕು ವರ್ಷದಿಂದ ಗೊತ್ತಿದ್ದ ಸಂಗತಿ ಅಂದು ಬೆಳಗ್ಗೆ ಹತ್ತೂ ಕಾಲಿಗೆ ಹೊಸದಾಗಿ ಗೊತ್ತಾಯಿತು.

ಸಂಜೆ ಅರಳೀಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಗುಡಿಯ ಯಜಮಾನ ಕೆಂಪಸಿದ್ದಯ್ಯನಿಗೆ ಅರವತ್ತೇಳು ವರ್ಷ, ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಕೆಟ್ಟ ಮನುಷ್ಯನೇನಲ್ಲ. ತಾನು ಹೇಳಿದ್ದು ಸರಿಯಿಲ್ಲದಿರಬಹುದು ಎಂಬ ಅನುಮಾನ ಹುಟ್ಟಿದಂದಿನಿಂದ ಅವನಿಗೆ ಬಂದೇ ಇರಲಿಲ್ಲ, ಅಷ್ಟೆ.

"ಚಲುವ, ನೀನು ಕಳ್ತನ ಮಾಡಿದ್ದೀಯ ಅಂತ ನಾನು ಅಂತಿಲ್ಲ ಕಣ್ಲಾ," ಎಂದು ಶುರುಮಾಡಿದ. "ಬಸಪ್ಪನ್ನ ಮಗೀನಂಗೆ ನೋಡ್ಕಂಡಿದ್ದೀಯ. ಆದ್ರೆ ದೇವ್ರ ಮುಂದೆ ನಡ್ಯೋನು ಎಂಡ್ತಿ ಮಕ್ಳಿರೋನಾಗ್ಬೇಕು. ನಾಳೆ ಬೇರೆ ಊರೋರು ಏನಂದಾರು?"

"ಒಂಬತ್ ವರ್ಸ ಒಂಟಿಯಾಗಿದ್ದ, ಆಗ ಯಾರ್ಗೂ ನೆಪ್ಪಾಗ್ನಿಲ್ವಾ ಎಂಡ್ತಿ ಮಕ್ಳು?" ಎಂದಳು ಚಿಕ್ಕಬೋರಮ್ಮ ಹೆಂಗಸರ ಸಾಲಿನಿಂದ.

"ಆಗ ಒಂಟಿ ಇದ್ದ, ಸುಮ್ಕಿದ್ದೋ. ಈಗ ಒಂಟಿ ಅಲ್ವಂತಲ್ಲ ಕಣಕ್ಕೋ!" ಎಂದ ಯಜಮಾನ.

ಜನ ನಕ್ಕರು. ಆ ನಗುವಿನಲ್ಲಿ ಚಲುವರಾಜುವಿನ ಕಿವಿ ಸುಟ್ಟುಹೋಯಿತು. ಇವರೆಲ್ಲರ ಮನೆಯ ಗೃಹಪ್ರವೇಶಕ್ಕೂ ಅವನು ಬಸಪ್ಪನನ್ನು ಕರೆದುಕೊಂಡು ಹೋಗಿದ್ದ. ಇವರೆಲ್ಲರ ಹಸುಗಳ ಹೊಟ್ಟೆಯೊಳಗೆ ಪ್ರೀತಂ ಮೊಳಕೈವರೆಗೆ ಕೈಯಿಟ್ಟು ಕರು ಎಳೆದಿದ್ದ.

ಪ್ರೀತಂ ಎದ್ದು ನಿಂತ. "ಯಜಮಾನ್ರೇ, ಇದು ತಪ್ಪಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿ ಏಳು ವರ್ಷ ಆಯ್ತು."

"ಕೋರ್ಟು ಡೆಲ್ಲೀಲದೆ ಡಾಕ್ಟ್ರೇ. ಬಸಪ್ಪ ಇಲ್ಲವ್ನೆ. ನಮಗೆ ಅತ್ರದೋನೇ ದೊಡ್ಡೋನು." ಕೆಂಪಸಿದ್ದಯ್ಯ ಎದೆಯುಬ್ಬಿಸಿ ಸುತ್ತ ನೋಡಿದ. "ನಾನೂ ಏಳೋದ್ ಬೇಡ, ನೀವೂ ಏಳೋದ್ ಬೇಡ. ಬರೋ ಸೋಮ್ವಾರ ಬಸಪ್ಪನೇ ಆರಿಸ್ಕಳ್ಳಿ. ಈ ಊರಲ್ಲಿ ಯಾರ್ಗೆ ಪಾದ ಕೊಡ್ತಾನೋ ಅವನೇ ಬೆತ್ತ ಇಡ್ಕಬೇಕು. ಬಡವ ಆಗ್ಲಿ, ಬಲ್ಲಿದ ಆಗ್ಲಿ, ಒಲ್ಲೆ ಅನ್ನಂಗಿಲ್ಲ. ಬಸಪ್ಪನ ಮಾತು ಮೀರಿದೋನು ಈ ಊರಲ್ಲಿ ನೀರು ಕುಡ್ಯಂಗಿಲ್ಲ!"

"ನಾನೂ ಸಾಲಲ್ಲಿ ನಿಂತ್ಕತೀನಿ," ಎಂದ ಚಲುವರಾಜು.

"ನೀನ್ ಬೇಡ. ಸಾಕಿದೋನ ತಾವ್ಕೆ ಬಂದೇ ಬತ್ತಾನೆ. ಅದು ತೀರ್ಪಲ್ಲ, ಅಭ್ಯಾಸ."

ಆ ಮಾತಿನಲ್ಲಿ ನ್ಯಾಯವಿತ್ತು, ಅದೇ ಚಲುವರಾಜುವಿಗೆ ಹೆಚ್ಚು ನೋವಾದದ್ದು. ಮನೆಗೆ ಬಂದವನು ಗೋಡೆಗೊರಗಿ ಕೂತು ಅತ್ತ. ಪ್ರೀತಂ ಪಕ್ಕದಲ್ಲಿ ಕೂತು, "ವರ್ಗ ಕೇಳ್ತೀನಿ. ಮಂಡ್ಯಕ್ಕೆ ಹೋಗೋಣ," ಎಂದ.

"ಮಂಡ್ಯದಲ್ಲಿ ಮೂರ್ ಕಡೆ ಮನೆ ಕೇಳಿದ್ವಲ್ಲ, ಮರೆತ್ಯಾ? ಫ್ಯಾಮಿಲಿಗೆ ಮಾತ್ರ ಅಂತ ಬಾಗ್ಲು ಆಕ್ಕಂಡ್ರು. ಇಲ್ಲಿ ಬಾಗ್ಲಾದ್ರೂ ನಂದು." ಮೂಗೊರೆಸಿಕೊಂಡು ಅವನು ಮತ್ತೆ ಹೇಳಿದ. "ನಂಗೆ ಮನೆ ಅಲ್ಲ ಕಣೋ ಸಂಕಟ. ನಾಳೆ ಬಸಪ್ಪ ಬೇರೇರಿಗೆ ಪಾದ ಕೊಟ್ಟ ಅಂದ್ರೆ, ದೇವ್ರೇ ನನ್ನ ಬೇಡ ಅಂದಂಗಾಯ್ತದಲ್ಲ. ಊರೋರು ಬೇಡ ಅಂದ್ರೆ ತಡ್ಕತೀನಿ. ಅವನಂದ್ರೆ ಎಂಗೆ ತಡ್ಕಳ್ಳಿ?"

ಹೋರಿ ಕಣಯ್ಯ ಅದು ಎಂದು ಪ್ರೀತಂ ಅಂದು ಹೇಳಲಿಲ್ಲ.

ಸೋಮವಾರ ಬೆಳಗ್ಗೆ ಚಲುವರಾಜು ಬಸಪ್ಪನ ಮೈ ತೊಳೆದು, ಜೂಲು ಹೊದಿಸಿ, ಗುಡಿಯ ಮುಂದೆ ತಂದು ಬಿಟ್ಟು, ದೂರ ಹೋಗಿ ಶಾಲೆಯ ಗೋಡೆಗೆ ಒರಗಿ ನಿಂತ. ಒಂಬತ್ತು ಜನ ಒದ್ದೆ ಪಂಚೆಯಲ್ಲಿ ಸಾಲಾಗಿ ನಿಂತಿದ್ದರು. ಮೊದಲನೆಯವನು ಸಿದ್ದರಾಜು. ಬೆತ್ತ ಹಿಡಿಯಬೇಕೆಂಬ ಆಸೆ ಅವನಿಗೆ ಬಹಳ ದಿನದಿಂದ ಇತ್ತು. ಮುಷ್ಟಿಯೊಳಗೆ ಕಡಲೆಹಿಂಡಿ ಅಮುಕಿಕೊಂಡು ಬಂದಿದ್ದ, ಮಹಾ ಬುದ್ಧಿವಂತ. ಬಸಪ್ಪ ಅವನ ಮುಷ್ಟಿಯನ್ನು ಮೂಸಿ, ಮುಖದ ಮೇಲೆ ಒಂದು ಸೀನು ಸೀನಿ, ಮುಂದೆ ಹೋದ. ಎರಡನೆಯವನನ್ನು, ಐದನೆಯವನನ್ನು, ಒಂಬತ್ತನೆಯವನನ್ನು ದಾಟಿದ. ಬಸಪ್ಪ ತಲೆಯೆತ್ತಿ ಗಾಳಿ ಮೂಸಿ ಪಕ್ಕಕ್ಕೆ ತಿರುಗಿದ. ಅಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ತೀರ್ಪು ನೋಡಲು, ಯಜಮಾನ ಕೆಂಪಸಿದ್ದಯ್ಯ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಬಸಪ್ಪ ನೇರ ಅವನ ಹತ್ತಿರ ಹೋದ. ಎದೆಗೆ ಮೂತಿ ಒತ್ತಿದ. ಅಂಗಿಯನ್ನು ಮೂಸಿದ, ನೆಕ್ಕಿದ, ಮತ್ತೆ ಮೂಸಿದ. ಆಮೇಲೆ ಬಲಗಾಲೆತ್ತಿ ಯಜಮಾನನ ತೊಡೆಯ ಮೇಲೆ ಇಟ್ಟ. ಕುರ್ಚಿ ಲಟಕ್ಕೆಂದಿತು.

"ಬೋರೇದೇವ್ರೇ!" ಎಂದು ಊರಿಗೆ ಊರೇ ಕೂಗಿತು. ಹೆಂಗಸರು ಕೈಮುಗಿದರು. ಕೆಂಪಸಿದ್ದಯ್ಯನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಮಂಡಿನೋವಿನ ಮುದುಕ, ಬೆಳಗ್ಗೆ ಏಳೂವರೆಗಿಂತ ಮೊದಲು ಹಾಸಿಗೆ ಬಿಟ್ಟವನಲ್ಲ. ಬಲ್ಲಿದನಾಗಲಿ, ಒಲ್ಲೆ ಎನ್ನುವಂತಿಲ್ಲ ಎಂದು ಸಾರಿದವನೂ ಅವನೇ. ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಗೋಡೆಗೊರಗಿದ್ದ ಚಲುವರಾಜು ಒಬ್ಬನಿಗೇ ವಿಷಯ ಗೊತ್ತಿತ್ತು. ಯಜಮಾನನಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಸೊಸೆ ಸಿಹಿಯ ಡಬ್ಬಕ್ಕೆ ಬೀಗ ಹಾಕಿದ್ದಾಳೆ. ಅದಕ್ಕೇ ಅವನು ಆಲೆಮನೆಯಿಂದ ಅಚ್ಚುಬೆಲ್ಲ ತಂದು ಬನಿಯನ್ನಿನ ಒಳಜೇಬಿನಲ್ಲಿಟ್ಟುಕೊಂಡು, ಗದ್ದೆ ಬದುವಿನ ಮೇಲೆ ಕೂತು ಮುರಿದು ಮುರಿದು ತಿನ್ನುವುದನ್ನು ಚಲುವರಾಜು ಎಷ್ಟೋ ಸಲ ನೋಡಿದ್ದ. ಬಸಪ್ಪನಿಗೆ ಬೆಲ್ಲವೆಂದರೆ ಪ್ರಾಣ. ಯಜಮಾನ್ರೇ, ಒಳಜೇಬು ತೋರ್ಸಿ ಅಂದರೆ ಸಾಕು, ಈ ತೀರ್ಪು ಬಿದ್ದುಹೋಗುತ್ತಿತ್ತು. ಅಂದರೆ ಮುದುಕನ ಮಾನವೂ ಊರ ಮುಂದೆ ಬಿದ್ದುಹೋಗುತ್ತಿತ್ತು. ಚಲುವರಾಜು ಕೆಂಪು ವಸ್ತ್ರವನ್ನೂ ಬೆತ್ತವನ್ನೂ ತಂದು ಯಜಮಾನನ ಕೈಗೆ ಕೊಟ್ಟು ಮನೆಗೆ ನಡೆದ. ದಾರಿಯಲ್ಲಿ ಅವನಿಗೆ ಇನ್ನೂ ಒಂದು ಯೋಚನೆ ಬಂತು. ಬೆಲ್ಲದಿಂದಲೇ ಆಗಿರಬಹುದು. ಆದರೆ ದೇವರು ಬೆಲ್ಲದ ಮೂಲಕ ಮಾತಾಡಬಾರದು ಎಂದು ಎಲ್ಲಿ ಬರೆದಿದೆ?

ಮುಂದಿನ ಮೂರು ವಾರ ಅತ್ತಿಮರದೊಡ್ಡಿಗೆ ಟಿವಿ ಬೇಕಾಗಲಿಲ್ಲ. ಯಜಮಾನ ಬೇಯಿಸಿದ ಹುರುಳಿಯನ್ನು ಬಸಪ್ಪ ಮುಟ್ಟಲಿಲ್ಲ, ಅರ್ಧ ಸೀದಿತ್ತು, ಅರ್ಧ ಬೆಂದಿರಲಿಲ್ಲ. ಮೈ ತೊಳೆಯಲು ಹೋದವನು ತಾನೇ ಸ್ನಾನ ಮಾಡಿಕೊಂಡು ಬಂದ. ಬೆಸಗರಹಳ್ಳಿಯ ಒಂದು ಗೃಹಪ್ರವೇಶದಲ್ಲಿ ಬಸಪ್ಪ ಹೊಸ ಮನೆಯನ್ನು ಕಣ್ಣೆತ್ತಿಯೂ ನೋಡದೆ ಎದುರಿನ ತರಕಾರಿ ಅಂಗಡಿಗೆ ಪಾದ ಬೆಳೆಸಿ ಎರಡು ಕಂತೆ ಮೂಲಂಗಿ ಪ್ರಸಾದ ಮಾಡಿದ. ಪೂರಿಗಾಲಿಯವರು ಕರೆಸಿದ ದಿನ ಪಿಕಪ್ ಗಾಡಿಯಿಂದ ಇಳಿಯಲೇ ಇಲ್ಲ. ಮುಂದೆ ನಿಂತು ಬೆತ್ತ ಆಡಿಸುತ್ತಿದ್ದ ಯಜಮಾನನ ಎದೆಗೆ ಮಾತ್ರ ದಿನಕ್ಕೆರಡು ಸಲ ತಪ್ಪದೆ ತಲೆಯಿಂದ ತಿವಿಯುತ್ತಿದ್ದ.

ಚಲುವರಾಜು ಗದ್ದೆ ಕಡೆ ಹೋದ, ಕಬ್ಬಿಗೆ ನೀರು ಕಟ್ಟಿದ, ಭಾನುವಾರ ಪ್ರೀತಂ ಜೊತೆ ಬೈಕಿನಲ್ಲಿ ಮಳವಳ್ಳಿಗೆ ಹೋಗಿ ಮಾಂಸ ತಂದು ಸಾರು ಮಾಡಿ ಉಂಡ. ಇಬ್ಬರೂ ಈಗ ಬಾಡಿಗೆಯ ನಾಟಕ ಬಿಟ್ಟಿದ್ದರು. ಸಂಜೆ ಮನೆಯ ಮುಂದಿನ ಜಗಲಿಯ ಮೇಲೆ ಒಟ್ಟಿಗೆ ಕೂರುತ್ತಿದ್ದರು, ಒಂದೇ ತಟ್ಟೆಯ ಕಡಲೆಕಾಯಿ ತಿನ್ನುತ್ತಿದ್ದರು, ನೋಡುವವರು ನೋಡಲಿ ಎಂದು. ಬಚ್ಚಿಡುವ ಕೆಲಸ ತಪ್ಪಿದ ಮೇಲೆ ದಿನದಲ್ಲಿ ಇಷ್ಟೊಂದು ಸಮಯ ಉಳಿಯುತ್ತದೆ ಎಂದು ಚಲುವರಾಜುವಿಗೆ ಗೊತ್ತಿರಲಿಲ್ಲ. ಸುಖವಾಗಿಯೇ ಇದ್ದ. ಆದರೆ ನಾಲ್ಕೂವರೆಗೆ ಎಚ್ಚರವಾಗುತ್ತಿತ್ತು. ಎದ್ದು ಕೂತು, ಹೋಗುವ ಕಡೆಯಿಲ್ಲದೆ, ಮತ್ತೆ ಮಲಗುತ್ತಿದ್ದ.

ಮೂರನೆಯ ಶುಕ್ರವಾರ, ಡೈರಿಗೆ ಹಾಲು ಹೋಗುವ ಹೊತ್ತಿನಲ್ಲಿ, ಗೇಟಿನ ಹತ್ತಿರ ಕೆಮ್ಮು ಕೇಳಿಸಿತು. ಕೆಂಪಸಿದ್ದಯ್ಯ ನಿಂತಿದ್ದ. ಬೆತ್ತ ಊರುಗೋಲಾಗಿತ್ತು. ಪ್ರೀತಂ ಕುರ್ಚಿ ಹಾಕಿ ಒಳಗೆ ಕಾಫಿಗೆ ಹೋದ. ಯಜಮಾನ ಅತ್ತಿತ್ತ ನೋಡಿ ಕುಳಿತ.

"ಬರೋ ಸೋಮ್ವಾರ ಪಾದಪೂಜೆ ಕಣ್ಲಾ," ಎಂದ. ಬೆತ್ತ ಹಿಡಿದವನು ತಿಂಗಳೊಳಗೆ, ಊರೆಲ್ಲ ನೋಡುವಂತೆ, ಮನೆಯವರನ್ನು ಜೊತೆಗಿಟ್ಟುಕೊಂಡು ಬಸಪ್ಪನ ಕಾಲು ತೊಳೆಯಬೇಕು. ಒಬ್ಬರು ನೀರು ಹುಯ್ಯಬೇಕು, ಒಬ್ಬರು ತೊಳೆಯಬೇಕು. ಅಲ್ಲಿಗೆ ಬೆತ್ತ ಅವನಿಗೆ ಪೂರ್ತಿ ಸೇರಿತು. "ಅವನು ನನ್ನ ಕಾಲತ್ರಕ್ಕೇ ಬುಡಾಕಿಲ್ಲ. ನೀನೊಂದ್ ಕೆಲ್ಸ ಮಾಡು. ಬೆಳಿಗ್ಗೆ ಬೇಗ ಬಾ. ತೊಳೆ, ಮೇವು ಆಕು, ಜನ ಏಳೋದ್ರೊಳ್ಗೆ ಒಂಟೋಗು. ಮುಂದೆ ನಡ್ಯೋಕೆ ನಾನೂ ಸಿದ್ದರಾಜೂ ಇರ್ತೀವಿ. ಯಾರ್ಗೂ ಗೊತ್ತಾಗಾಕಿಲ್ಲ."

ಕಾಫಿ ತಂದ ಪ್ರೀತಂ ಲೋಟವನ್ನು ಟಪ್ಪೆಂದು ಇಟ್ಟ. "ಹಿತ್ತಲ ಬಾಗಿಲಲ್ಲಿ ಬಂದು ಹಿತ್ತಲ ಬಾಗಿಲಲ್ಲೇ ಹೋಗು ಅಂತೀರಾ ಯಜಮಾನ್ರೇ?"

ಚಲುವರಾಜು ಅವನ ಮೊಣಕೈ ಮುಟ್ಟಿ ತಡೆದ. ಅವನಿಗೂ ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಆಸೆಯಾಗಿತ್ತು. ನಾಳೆಯೇ ನಾಲ್ಕೂವರೆಗೆ ಎದ್ದು ಹೋಗಬಹುದು, ಆ ಬೆಚ್ಚನೆಯ ಮೈಗೆ ಕೈ ಹಚ್ಚಬಹುದು. ಒಪ್ಪಿಕೊಂಡುಬಿಡೋಣವೆ ಎಂದು ಒಂದು ಗಳಿಗೆ ಅನ್ನಿಸಿತು, ಸುಳ್ಳೇಕೆ ಹೇಳಬೇಕು.

"ಮೈ ತೊಳ್ಯಕ್ಕೆ ಆಗೋ ಕೈ ಬೆತ್ತ ಇಡ್ಯಕ್ಕೆ ಆಗಲ್ವಾ ಯಜಮಾನ್ರೇ?" ಎಂದ. "ಎದ್ರಿಗೆ ಕರೆದ್ರೆ ಬತ್ತೀನಿ. ಇಲ್ದಿದ್ರೆ ನನ್ ಮನೇಲಿ ನಾನಿರ್ತೀನಿ. ಆದ್ರೆ ಅವನು ಉಪಾಸ ಇರ್ಬಾರ್ದು. ಏಳ್ಕೊಡ್ತೀನಿ, ಕೇಳ್ಕಳಿ."

ಎಲ್ಲವನ್ನೂ ಹೇಳಿದ. ಹುರುಳಿಗೆ ಎಷ್ಟು ಉಪ್ಪು, ಯಾವ ಪಕ್ಕದಲ್ಲಿ ನಿಲ್ಲಬೇಕು, ಬೈಕಿನ ಹಾರನ್ನು ಕೇಳಿದರೆ ಬೆದರುತ್ತಾನೆ, ಎಡಗಿವಿಯ ಹಿಂದೆ ತುರಿಸಿದರೆ ಸಮಾಧಾನವಾಗುತ್ತಾನೆ. ಮುದುಕ ತಲೆಯಾಡಿಸುತ್ತ ಕೇಳಿದ. ಕೊನೆಗೆ ಚಲುವರಾಜು ದನಿ ತಗ್ಗಿಸಿದ.

"ಇನ್ನೊಂದ್ ಮಾತು. ಬನೀನ್ ಜೇಬಲ್ಲಿರೋ ಬೆಲ್ಲ ಮನೇಲಿಟ್ಟು ಬನ್ನಿ. ಅವನು ಅದುಕ್ಕೇ ತಿವಿಯೋದು. ಪಕ್ಕೆಲುಬು ಮುರಿದಾನು."

ಕೆಂಪಸಿದ್ದಯ್ಯನ ಕೈ ತಾನಾಗಿಯೇ ಎದೆಗೆ ಹೋಯಿತು. "ಆವತ್ತೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಮತ್ಯಾಕ್ಲಾ ಏಳ್ನಿಲ್ಲ? ಏಳಿದ್ರೆ ಬೆತ್ತ ಅಲ್ಲೇ ನಿನ್ ಕೈಗೆ ಬತ್ತಿತ್ತು."

"ನಾನು ಹದಿನೈದ್ ವರ್ಸ ಬಚ್ಚಿಟ್ಕಂಡು ಬದುಕ್ದೋನು ಯಜಮಾನ್ರೇ. ಯಾರಾದ್ರೂ ಕಂಡ್ಬುಟ್ಟಾರು ಅಂತ ದಿನಾ ಎದೆ ಹೊಡ್ಕತಿತ್ತು. ಇನ್ನೊಬ್ರು ಬಚ್ಚಿಟ್ಟಿದ್ದನ್ನ ಊರ್ ಮುಂದೆ ಎಳೆದಾಕೋದು ನನ್ ಕೈಲಾಗಾಕಿಲ್ಲ."

ಯಜಮಾನ ಕಾಫಿ ಮುಗಿಸಿದ. ಆ ಮನೆಯಲ್ಲಿ ಅವನು ಕುಡಿದ ಮೊದಲ ಕಾಫಿ. ಬೆತ್ತ ಊರಿಕೊಂಡು ಎದ್ದು ಹೋದ.

ಸೋಮವಾರ ಗುಡಿಯ ಮುಂದೆ ಚಪ್ಪರ ಹಾಕಿತ್ತು, ಆಸುಪಾಸಿನ ಊರಿನವರೂ ಬಂದಿದ್ದರು. ಚಲುವರಾಜು ಹೋಗುವುದಿಲ್ಲವೆಂದುಕೊಂಡಿದ್ದ. "ಪೂಜೆ ನೋಡಾಕೂ ಬರ್ಬಾರ್ದು ಅಂತ ಯಾವನಂದ?" ಎಂದು ಚಿಕ್ಕಬೋರಮ್ಮ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಪ್ರೀತಂ ಡ್ಯೂಟಿಗೆ ಹೊರಟಿದ್ದವನು ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಎಲ್ಲರ ಹಿಂದೆ ನಿಂತ. ಬಸಪ್ಪನ ಮುಂದೆ ಕೆಂಪಸಿದ್ದಯ್ಯ ಬೆತ್ತ ಹಿಡಿದಿದ್ದ, ಅವನ ಹೆಂಡತಿ ನಾಗರತ್ನ ತಾಮ್ರದ ಚೊಂಬು ಹಿಡಿದಿದ್ದಳು.

ಯಜಮಾನ ಗಂಟಲು ಸರಿಮಾಡಿಕೊಂಡ. "ಬಸಪ್ಪ ನಂಗೆ ಪಾದ ಕೊಟ್ಟ. ಎಲ್ರೂ ಕಂಡಿದ್ದೀರ. ಅಂದ್ಮೇಲೆ ಬೆತ್ತದ ವಿಚಾರ್ದಲ್ಲಿ ನನ್ ಮಾತೇ ಬಸಪ್ಪನ ಮಾತು. ಹೌದೋ ಅಲ್ವೋ?"

"ಹೌದು!" ಎಂದರು ಜನ.

"ಹಂಗಾದ್ರೆ ಈ ಬೆತ್ತ ಚಲುವನ್ದು. ಬಾರ್ಲಾ ಇಲ್ಲಿ."

ಚಪ್ಪರದಡಿ ಗುಜುಗುಜು ಎದ್ದಿತು. ಸಿದ್ದರಾಜು ಮುಂದೆ ಬಂದ. "ಅದೆಂಗಾಯ್ತದೆ ಯಜಮಾನ್ರೇ? ಅವತ್ತು ನೀವೇ ಬೇಡ ಅಂದ್ರಿ!"

"ಅವತ್ತು ನಾನಂದಿದ್ದು. ಆಮೇಲೆ ಬಸಪ್ಪ ಮೂರ್ ವಾರ ನನ್ ಎದೆಗೆ ಗುದ್ದಿ ಗುದ್ದಿ ಬುದ್ಧಿ ಏಳವ್ನೆ. ನಿಂಗೂ ಬೇಕಾ?"

ಜನ ನಕ್ಕರು. ಈ ಸಲದ ನಗು ಬೇರೆಯಾಗಿತ್ತು. ಚಲುವರಾಜು ಮುಂದೆ ಬಂದು ಬೆತ್ತಕ್ಕೆ ಕೈಯೊಡ್ಡಿದ. ಸಿದ್ದರಾಜು ಇನ್ನೂ ಬಿಡಲಿಲ್ಲ. "ಆಯ್ತು ಬುಡಿ. ಪಾದಪೂಜೆಗೆ ಜೊತೆ ಬೇಕಲ್ಲ? ಓದ್ಸಲ ಅವ್ರವ್ವ ಇದ್ಲು, ನೀರ್ ಹುಯ್ದ್ಲು. ಈಗ ಇವನ ಮನೆಯೋರು ಅಂತ ಯಾರವ್ರೆ?"

ಚಲುವರಾಜು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಇಲ್ಲಿಯವರೆಗೆ ಬಂದದ್ದೇ ಹೆಚ್ಚು ಎಂದುಕೊಂಡ. ಅತ್ತೆ ನೀರು ಹುಯ್ಯಲಿ ಎಂದರೆ ಯಾರೂ ಬೇಡವೆನ್ನುವುದಿಲ್ಲ, ಪೂಜೆ ಸಲೀಸಾಗಿ ಆಗಿಹೋಗುತ್ತದೆ. ಆದರೆ ಆ ಮಾತು ಅವನ ಬಾಯಿಂದ ಹೊರಡಲಿಲ್ಲ. ಅವನ ಕಣ್ಣು ಜನರ ತಲೆಗಳ ಮೇಲಿಂದ ಹಿಂದಕ್ಕೆ ಹೋಯಿತು. ಕೆಂಪಸಿದ್ದಯ್ಯ ಆ ಕಣ್ಣು ಹೋದ ಕಡೆಗೇ ನೋಡಿದ. ಅವನ ದವಡೆ ಎರಡು ಸಲ ಆಡಿತು. ಅರವತ್ತೇಳು ವರ್ಷದ ಮನುಷ್ಯನಿಗೆ ಅದು ಸುಲಭದ ಕೆಲಸವಾಗಿರಲಿಲ್ಲ.

"ಡಾಕ್ಟ್ರೇ," ಎಂದ, ಗದರುವವನಂತೆ. "ಅಲ್ಲೇನ್ ಮಾಡ್ತಾ ನಿಂತಿದ್ದೀರಿ? ಬಂದು ಚೊಂಬು ಇಡ್ಕಳಿ."

ಮೂರು ಮನೆಯವರು ಎದ್ದು ಹೋದರು. ಒಬ್ಬ ಹೆಂಗಸು ಮುಖಕ್ಕೆ ಸೆರಗು ಹಿಡಿದಳು. ಉಳಿದವರು ಕದಲಲಿಲ್ಲ. ಪ್ರೀತಂ ಯಾರದೋ ಕೈಗೆ ಹೆಲ್ಮೆಟ್ಟು ಕೊಟ್ಟು, ಶೂ ಬಿಚ್ಚಿ, ಪ್ಯಾಂಟು ಮಡಚಿಕೊಂಡು ಮುಂದೆ ಬಂದ. ದಾರಿ ಬಿಟ್ಟುಕೊಟ್ಟವರ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ನಾಗರತ್ನ ಚೊಂಬನ್ನು ಅವನ ಕೈಗಿಟ್ಟು, "ನೀರು ತುಂಬ್ಯದೆ, ನಿಧಾನ," ಎಂದಳು.

ಚಲುವರಾಜು ನೆಲದ ಮೇಲೆ ಕೂತು ಬಸಪ್ಪನ ಕಾಲಿನ ಹತ್ತಿರ ಕೈಯೊಡ್ಡಿದ. ಬಸಪ್ಪ ಕದಲದೆ ನಿಂತ. ಎಷ್ಟೋ ಸಲ ಇದೇ ಗೊರಸನ್ನು ಹಿಡಿದು ಔಷಧಿ ಹಾಕಿದ್ದ ಪ್ರೀತಂ ಈಗ ಅವಸರದಲ್ಲಿ ಅರ್ಧ ಚೊಂಬು ಒಮ್ಮೆಲೇ ಬಗ್ಗಿಸಿಬಿಟ್ಟ. ಹುಯ್ದ ನೀರು ಗೊರಸನ್ನು ಬಿಟ್ಟು ಚಲುವರಾಜುವಿನ ತಲೆಯ ಮೇಲೆ, ಬೆನ್ನ ಮೇಲೆ, ಪಂಚೆಯ ಮೇಲೆ ಬಿತ್ತು.

ಚಿಕ್ಕಬೋರಮ್ಮನಿಗೆ ತಡೆಯಲಾಗಲಿಲ್ಲ. ಊರ ಸೊಸೆಯಂದಿರನ್ನೂ ಅಳಿಯಂದಿರನ್ನೂ ಗದರಿಸುವ ಅದೇ ಗಂಟಲಿನಲ್ಲಿ, ಚಪ್ಪರದ ಆ ತುದಿಯವರಿಗೂ ಕೇಳುವಂತೆ ಕೂಗಿದಳು. "ಬಲಗಾಲ್ಗೆ ಮೊದ್ಲು ಹುಯ್ಯಪ್ಪ! ನಾಕ್ ವರ್ಸದಿಂದ ಸಂಸಾರ ಮಾಡ್ತಾ ಇದ್ದೀರ, ಒಂದ್ ಚೊಂಬು ನೀರು ನೆಟ್ಟಗೆ ಹುಯ್ಯಕ್ ಬರಾಕಿಲ್ವಾ ನಿಂಗೆ?"

ಯಾರೂ ಅವಳ ಮಾತನ್ನು ತಿದ್ದಲಿಲ್ಲ. ಪ್ರೀತಂ ಬಲಗಾಲಿಗೆ ಹುಯ್ದ, ಚಲುವರಾಜು ತೊಳೆದ. ಅವನ ಮುಖವೆಲ್ಲ ನೀರಾಗಿತ್ತು, ಒರೆಸಿಕೊಳ್ಳಬೇಕೆಂದು ಅವನಿಗೆ ಅನ್ನಿಸಲಿಲ್ಲ.